ಮಲೆನಾಡಿನ ಜ್ವರ ಮತ್ತು ಹೊಸ ವೃತ್ತಿಗಳು: ನರಸಿಂಹರಾಜಪುರ ಸೀಮೆಯ ಹಿನ್ನೆಲೆಯಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಹಕಾರದ ತರಬೇತಿ

ಪ್ರವೇಶ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ವೃತ್ತಿಗಳ ವಿಚಾರ ಬಂದಾಗ ನಮ್ಮ ಗಮನ ಸಾಮಾನ್ಯವಾಗಿ ಕುಲಕಸುಬುಗಳ ಕಡೆಗೆ ಹರಿಯುತ್ತದೆ. ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಬುಟ್ಟಿ ಹೆಣೆಯುವಿಕೆ, ನಾಟಿವೈದ್ಯ, ಸೂಲಗಿತ್ತಿತನ ಇವುಗಳನ್ನು ಕುರಿತು ಸಾಕಷ್ಟು ಸಂಗ್ರಹ ಮತ್ತು ವಿಶ್ಲೇಷಣೆ ನಡೆದಿದೆ. ಆದರೆ 20ನೆಯ ಶತಮಾನದಲ್ಲಿ ಹಳ್ಳಿಯ ಒಳಗೇ ಹುಟ್ಟಿ, ಒಂದೆರಡು ತಲೆಮಾರು ಬಾಳಿ, ಬಳಿಕ ರೂಪ ಬದಲಿಸಿದ ಕಸುಬುಗಳು ನಮ್ಮ ಅಧ್ಯಯನದ ವ್ಯಾಪ್ತಿಗೆ ಬಂದದ್ದು ಕಡಿಮೆ. ಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದವನು, ಹದಿನೈದು ದಿನಕ್ಕೊಮ್ಮೆ ಬಂದು ಜ್ವರದ ಲೆಕ್ಕ ಬರೆದುಕೊಂಡವನು, ಕಾಡಿನಲ್ಲಿ ಉಣುಗು ಸಂಗ್ರಹಿಸಿದವನು, ಸತ್ತ ಮಂಗದ ಸುದ್ದಿ ತಂದವನು, ಇವರೆಲ್ಲರೂ ಮಲೆನಾಡಿನ ಜನಜೀವನದ ಭಾಗವಾಗಿದ್ದವರೇ. ಇವರ ಕಸುಬಿಗೆ ಕುಲದ ಹಿನ್ನೆಲೆ ಇರಲಿಲ್ಲ. ಅದು ತರಬೇತಿಯಿಂದ ಬಂದದ್ದು. ಆ ತರಬೇತಿಯ ಮೂಲವನ್ನು ಹುಡುಕುತ್ತ ಹೋದರೆ ನ್ಯೂಯಾರ್ಕಿನ ಒಂದು ಪ್ರತಿಷ್ಠಾನಕ್ಕೂ ಜಿನೀವಾದ ಒಂದು ಸಂಸ್ಥೆಗೂ ತಲುಪುತ್ತೇವೆ.

ಪ್ರಸ್ತುತ ಲೇಖನದಲ್ಲಿ ನರಸಿಂಹರಾಜಪುರ, ಕೊಪ್ಪ ಮತ್ತು ಶೃಂಗೇರಿ ಸೀಮೆಯನ್ನು ನೆಲೆಯಾಗಿ ಇಟ್ಟುಕೊಂಡು, ಹಳೆಯ ಮೈಸೂರಿನ ಮಲೆನಾಡಿನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಹಕಾರವು ಮೂರು ಹಂತಗಳಲ್ಲಿ ಹೇಗೆ ಪ್ರವೇಶಿಸಿತು, ಅದರೊಡನೆ ಬಂದ ತರಬೇತಿಯು ಇಲ್ಲಿನ ಜನರ ವೃತ್ತಿಪಥವನ್ನು ಹೇಗೆ ಬದಲಿಸಿತು ಎಂಬುದನ್ನು ಪರಿಶೀಲಿಸಲಾಗಿದೆ. 1920ರ ದಶಕದ ಕೊನೆಯಲ್ಲಿ ಆರಂಭವಾದ ಮಲೇರಿಯಾ ಸಂಶೋಧನೆ, 1949ರ ಮಲೇರಿಯಾ ನಿಯಂತ್ರಣ ಪ್ರಾತ್ಯಕ್ಷಿಕ ತಂಡ, 1957ರಲ್ಲಿ ಆರಂಭವಾದ ಮಂಗನ ಕಾಯಿಲೆಯ ಶೋಧ, ಇವು ಆ ಮೂರು ಹಂತಗಳು. ಒಂದೇ ತರಬೇತಿಯು ಕೆಲವರಿಗೆ ಏಣಿಯಾಯಿತು, ಕೆಲವರಿಗೆ ಕೂಲಿಯಾಗಿಯೇ ಉಳಿಯಿತು. ಈ ಭೇದಕ್ಕೆ ಕಾರಣವನ್ನು ಗುರುತಿಸುವುದು ಲೇಖನದ ಮುಖ್ಯ ಉದ್ದೇಶ.

ಜ್ವರದ ಸೀಮೆ

ಇಂದಿನ ನರಸಿಂಹರಾಜಪುರದ ಹಿಂದಿನ ಹೆಸರು ಎದೆಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1915ರಲ್ಲಿ ಇಲ್ಲಿಗೆ ಭೇಟಿ ನೀಡಿದ ನೆನಪಿಗಾಗಿ ಊರಿಗೆ ಈ ಹೆಸರು ಬಂದಿತು. ಆಡಳಿತದ ದೃಷ್ಟಿಯಿಂದ ಇದು ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತು. ಪಕ್ಕದ ಶೃಂಗೇರಿ ಮಠದ ಜಹಗೀರಾಗಿತ್ತು. ಅಡಿಕೆ ತೋಟ, ಬತ್ತದ ಗದ್ದೆ, ಮರಮಟ್ಟಿನ ವ್ಯಾಪಾರ ಈ ಸೀಮೆಯ ಬದುಕಿನ ಆಧಾರ. ತರೀಕೆರೆಯಿಂದ ನರಸಿಂಹರಾಜಪುರದವರೆಗೆ ಹಾಕಿದ್ದ ಎರಡಡಿ ಅಗಲದ ಕಿರುರೈಲು ಹಳಿಯು ಆ ಕಾಲದ ಅಭಿವೃದ್ಧಿ ಕಲ್ಪನೆಗೆ ಸಾಕ್ಷಿಯಾಗಿತ್ತು.

ಆದರೆ ಈ ಸಂಪದ್ಭರಿತ ನೆಲದಲ್ಲಿ ಜನ ಉಳಿಯುತ್ತಿರಲಿಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ತಾಲ್ಲೂಕುಗಳ ಜನಸಂಖ್ಯೆ ಕುಸಿಯುತ್ತಿದ್ದುದು ಮೈಸೂರು ಸರ್ಕಾರಕ್ಕೆ ಆತಂಕದ ವಿಷಯವಾಗಿತ್ತು. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912-1918) ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆಯನ್ನು ರೂಪಿಸಲಾಯಿತು. ರಸ್ತೆ, ಬಾವಿ, ಔಷಧಾಲಯಗಳ ಜೊತೆಗೆ ಕ್ವಿನೈನ್ ಹಂಚಿಕೆಯೂ ಆ ಕಾಲದ ಆಡಳಿತದ ಕಾಳಜಿಯಾಗಿತ್ತು. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದ ಆಳುಗಳು ಚಳಿಜ್ವರದಿಂದ ನರಳಿ ಹಿಂದಿರುಗುವುದು ಅಥವಾ ಇಲ್ಲಿಯೇ ಮಣ್ಣಾಗುವುದು ಸಾಮಾನ್ಯವಾಗಿತ್ತು.

ಜನಪದರ ರೋಗಕಲ್ಪನೆಯಲ್ಲಿ ಈ ಜ್ವರದ ಸ್ಥಾನ ವಿಶಿಷ್ಟವಾದುದು. ಸಿಡುಬನ್ನು ಅಮ್ಮನೆಂದು ಕರೆದು ಆರಾಧಿಸಿದ ಸಮಾಜವು ಚಳಿಜ್ವರವನ್ನು ನೆಲದ ಗುಣವೆಂದು ಬಗೆಯಿತು. ‘ಅಲ್ಲಿನ ನೀರು ಒಗ್ಗಲಿಲ್ಲ’ ಎಂಬ ಮಾತಿನಲ್ಲಿ ರೋಗದ ಕಾರಣ, ವಲಸೆಯ ಸೋಲು, ಸೀಮೆಯ ನಿಂದೆ ಮೂರೂ ಅಡಗಿವೆ. ಪದೇ ಪದೇ ಜ್ವರ ಬಂದು ಗುಲ್ಮ ಊದಿಕೊಂಡಾಗ ಅದನ್ನು ಜ್ವರಗಡ್ಡೆ ಎಂದರು. ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂಜರಿಯುವುದಕ್ಕೂ, ಸರ್ಕಾರಿ ನೌಕರರು ಈ ಕಡೆಯ ವರ್ಗಾವಣೆಯನ್ನು ಶಿಕ್ಷೆಯೆಂದು ಭಾವಿಸುವುದಕ್ಕೂ ಈ ಜ್ವರವೇ ಕಾರಣವಾಗಿತ್ತು. ನೀರಿನ ಮೇಲೆ ಹೊರಿಸಿದ ಆರೋಪದಲ್ಲಿ ಒಂದು ಅಂಶ ನಿಜವೇ ಆಗಿತ್ತು. ಮಲೆನಾಡಿನ ಪ್ರಮುಖ ರೋಗವಾಹಕವಾದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಯು ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳ ಅಂಚಿನಲ್ಲಿ, ಬಸಿಗಾಲುವೆಗಳಲ್ಲಿ ಮೊಟ್ಟೆಯಿಡುತ್ತದೆ. ಅಡಿಕೆ ತೋಟವನ್ನು ಬದುಕಿಸಿದ ನೀರೇ ತೋಟಗಾರನ ಜ್ವರಕ್ಕೂ ತಾಣವಾಗಿತ್ತು.

ಮೊದಲ ಹಂತ: ಪ್ರತಿಷ್ಠಾನ ಮತ್ತು ವೈದ್ಯ

ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವು 1913ರಲ್ಲಿ ಸ್ಥಾಪನೆಯಾಯಿತು. ಕೊಕ್ಕೆಹುಳು, ಮಲೇರಿಯಾ, ಹಳದಿಜ್ವರಗಳ ವಿರುದ್ಧ ಅನೇಕ ದೇಶಗಳ ಸರ್ಕಾರಗಳೊಡನೆ ಕೈಜೋಡಿಸಿದ ಅದರ ಅಂತಾರಾಷ್ಟ್ರೀಯ ಆರೋಗ್ಯ ವಿಭಾಗವು 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರದ ಆರೋಗ್ಯ ಇಲಾಖೆಗೆ ಸಲಹೆಗಾರರನ್ನು ಕಳುಹಿಸಿತು. ಅವರಲ್ಲಿ ಡಾ. ಡಬ್ಲ್ಯು. ಸಿ. ಸ್ವೀಟ್ ಅವರ ಹೆಸರು ಮೈಸೂರಿನ ಮಲೇರಿಯಾ ಸಂಶೋಧನೆಯೊಂದಿಗೆ ದೀರ್ಘಕಾಲ ಬೆರೆತುಕೊಂಡಿದೆ. ಮಲೇರಿಯಾ ಅಧ್ಯಯನಕ್ಕಾಗಿ ಮೂರು ಭಿನ್ನ ಭೂಗುಣಗಳ ಸ್ಥಳಗಳನ್ನು ಆರಿಸಲಾಯಿತು: ಕಾಲುವೆ ನೀರಾವರಿಯ ನಾಗೇನಹಳ್ಳಿ, ಒಣಭೂಮಿಯ ನಡುವೆ ಅಣೆಕಟ್ಟಿನ ನೀರು ಪಡೆದ ಹಿರಿಯೂರು, ಮತ್ತು ಮಲೆನಾಡಿನ ಪ್ರತಿನಿಧಿಯಾಗಿ ಮೂಡಿಗೆರೆ. ಮೂಡಿಗೆರೆಯು ಎದೆಹಳ್ಳಿ, ಕೊಪ್ಪಗಳಂತೆಯೇ ಕಡೂರು ಜಿಲ್ಲೆಯದು. ಅಲ್ಲಿ ಅಭ್ಯಾಸವಾದ ವಿಧಾನಗಳೇ ಮಲೆನಾಡಿನ ಉಳಿದ ಭಾಗಗಳಿಗೂ ಮಾದರಿಯಾದವು. 1929ರಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕ ಆರಂಭವಾಯಿತು. 1930ರ ದಶಕದ ಉತ್ತರಾರ್ಧದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಸಿಬ್ಬಂದಿಯ ತರಬೇತಿ ಕೇಂದ್ರವೂ ರೂಪುಗೊಂಡಿತು.

ಈ ಕೇಂದ್ರಗಳ ಮಹತ್ವವನ್ನು ವೃತ್ತಿಯ ದೃಷ್ಟಿಯಿಂದ ನೋಡಬೇಕು. ಅಂದಿನ ವೈದ್ಯಪದವೀಧರನ ಮುಂದೆ ಇದ್ದ ದಾರಿಗಳು ಎರಡು: ಸರ್ಕಾರಿ ಆಸ್ಪತ್ರೆ ಅಥವಾ ಖಾಸಗಿ ವೈದ್ಯವೃತ್ತಿ. ಎರಡರಲ್ಲೂ ರೋಗಿಯೇ ವೈದ್ಯನ ಬಳಿಗೆ ಬರಬೇಕು. ಮಲೇರಿಯಾ ಕೇಂದ್ರದ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ವೈದ್ಯನು ಹಳ್ಳಿಗೆ ಹೋಗಿ ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಎಣಿಸಬೇಕು. ಬೆರಳಿನಿಂದ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಬಳಿಯಬೇಕು. ದನದ ಕೊಟ್ಟಿಗೆಯಲ್ಲಿ ಸೊಳ್ಳೆ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡಬೇಕು. ಚಿಕಿತ್ಸಕನಾಗಿ ಕಲಿತವನು ಊರಿನ, ನೀರಿನ, ಕೀಟದ ವಿದ್ಯಾರ್ಥಿಯಾಗಬೇಕಾಯಿತು. ಪ್ರತಿಷ್ಠಾನವು ಭಾರತದ ವೈದ್ಯರಿಗೆ ವಿದ್ಯಾರ್ಥಿವೇತನ ನೀಡಿ ವಿದೇಶದ ಸಾರ್ವಜನಿಕ ಆರೋಗ್ಯ ಶಾಲೆಗಳಿಗೆ ಕಳುಹಿಸುತ್ತಿತ್ತು. ಅದರ ನೆರವಿನಿಂದಲೇ ತಲೆಯೆತ್ತಿದ್ದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಶಾಲೆ ಅವುಗಳಲ್ಲಿ ಪ್ರಮುಖವಾದುದು. ಹೀಗೆ ಸಾರ್ವಜನಿಕ ಆರೋಗ್ಯವು ವೈದ್ಯರಿಗೆ ಮೂರನೆಯ ದಾರಿಯಾಗಿ ತೆರೆದುಕೊಂಡಿತು.

ಈ ಹಂತದ ಸಾಧನೆಗೆ ಒಂದು ನಿದರ್ಶನವನ್ನು ಇಲ್ಲಿ ಕೊಡಬಹುದು. 1937ರಲ್ಲಿ ಡಾ. ಸ್ವೀಟ್ ಮತ್ತು ಮೈಸೂರಿನ ಡಾ. ಬಿ. ಎ. ರಾವ್ ಅವರು ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಯಲ್ಲಿ ಎರಡು ಪ್ರಭೇದಗಳಿವೆಯೆಂದು ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊಟ್ಟೆಯ ಇಕ್ಕೆಲದಲ್ಲಿರುವ ತೇಲುಕೋಶದ ಮೇಲಿನ ಏಣುಗಳನ್ನು ಎಣಿಸಿ ಈ ಭೇದವನ್ನು ಗುರುತಿಸಲಾಯಿತು. ಒಂದು ಪ್ರಭೇದಕ್ಕೆ ‘ಮೈಸೊರೆನ್ಸಿಸ್’ ಎಂಬ ಹೆಸರು ಬಂದಿತು. 2012ರಲ್ಲಿ ಇದೇ ಜಾತಿಯ ಸೊಳ್ಳೆ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು ಅಲ್ಲಿನ ನಗರಗಳಿಗೆ ಹೊಸ ಅಪಾಯ ತಂದಿತು. ಮೈಸೂರಿನ ಹೆಸರು ಹೀಗೆ ಕೀಟಶಾಸ್ತ್ರದ ಪರಿಭಾಷೆಯಲ್ಲಿ ಶಾಶ್ವತವಾಗಿ ಉಳಿದಿದೆ.

ಎರಡನೆಯ ಹಂತ: 1949ರ ಪ್ರಾತ್ಯಕ್ಷಿಕ ತಂಡ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಡಿ.ಡಿ.ಟಿ. ನಾಗರಿಕ ಬಳಕೆಗೆ ದೊರೆಯಿತು. ಕನ್ನಡನಾಡಿನಲ್ಲಿ ಅದರ ಮೊದಲ ವ್ಯಾಪಕ ಗ್ರಾಮೀಣ ಪ್ರಯೋಗ ನಡೆದದ್ದು ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ. ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾ ತಗ್ಗಿಸಿದ ಈ ಕಾರ್ಯದ ಮೊದಲ ವರ್ಷದ ಫಲಿತಾಂಶವನ್ನು 1947ರಲ್ಲಿ ಪ್ರಕಟಿಸಿದರು. ಹಳ್ಳಕೊಳ್ಳಗಳಲ್ಲಿ ಮರಿಹುಳುಗಳನ್ನು ಕೊಲ್ಲುವ ಹಳೆಯ ವಿಧಾನ ಮಲೆನಾಡಿನ ವಿಸ್ತಾರಕ್ಕೆ ನಿಲುಕದಂಥದ್ದು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಆ ಗೋಡೆಯಲ್ಲೇ ವಿಷವಿದ್ದರೆ ಸಾಕು. ಈ ಸರಳ ತತ್ತ್ವವು ಮಲೇರಿಯಾ ನಿಯಂತ್ರಣವನ್ನು ತಜ್ಞರ ಕೈಯಿಂದ ಸಾಮಾನ್ಯ ಕೆಲಸಗಾರನ ಕೈಗೆ ತಂದಿತು.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಅದರ ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿ ದೆಹಲಿಯಲ್ಲಿ ತೆರೆಯಿತು. ಮರುವರ್ಷವೇ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ ಸೇರಿ ನಾಲ್ಕು ಪ್ರದೇಶಗಳಲ್ಲಿ ಮಲೇರಿಯಾ ನಿಯಂತ್ರಣದ ಪ್ರಾತ್ಯಕ್ಷಿಕ ತಂಡಗಳನ್ನು ನಿಯೋಜಿಸಿದವು. ಉತ್ತರಪ್ರದೇಶದ ತರಾಯಿ, ಒರಿಸ್ಸಾದ ಜಯಪುರ ಬೆಟ್ಟಸೀಮೆ, ಮಲಬಾರಿನ ಎರನಾಡು ಮತ್ತು ಮೈಸೂರಿನ ಮಲೆನಾಡು ಆ ನಾಲ್ಕು ಪ್ರದೇಶಗಳು. ಔಷಧ, ವಾಹನ, ಸಿಂಪಡಣೆಯ ಪಂಪುಗಳು ಯುನಿಸೆಫ್‌ನವು. ತಜ್ಞರನ್ನು ಒದಗಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಹೊಣೆ. ಉಳಿದ ಸಿಬ್ಬಂದಿ ಮತ್ತು ಸ್ಥಳೀಯ ವೆಚ್ಚ ಸರ್ಕಾರದ್ದು.

‘ಪ್ರಾತ್ಯಕ್ಷಿಕ’ ಎಂಬ ಪದದಲ್ಲಿಯೇ ಈ ಸಹಕಾರದ ತಿರುಳಿದೆ. ಹೊರಗಿನಿಂದ ಬಂದ ಪ್ರತಿಯೊಬ್ಬ ತಜ್ಞನ ಜೊತೆಗೂ ಅದೇ ಕೆಲಸವನ್ನು ಕಲಿಯುವ ಒಬ್ಬ ಭಾರತೀಯ ಜೊತೆಗಾರ ಇರಬೇಕು. ತಂಡವು ಹಿಂದಿರುಗಿದ ದಿನ ಆ ಜೊತೆಗಾರನೇ ಕೆಲಸವನ್ನು ಮುಂದುವರಿಸಬೇಕು. ಗುರುವಿನ ಯಶಸ್ಸು ಅವನು ಅನಗತ್ಯನಾಗುವುದರಲ್ಲಿದೆ ಎಂಬ ಈ ತತ್ತ್ವ ನಮ್ಮ ಜನಪದ ಕಲಾಪರಂಪರೆಗಳಿಗೂ ಅಪರಿಚಿತವಲ್ಲ. ಮೇಳದಲ್ಲಿ ಹಿರಿಯ ಕಲಾವಿದನ ಬೆನ್ನಿಗೆ ನಿಂತು ಕಲಿತವನು ಮುಂದೆ ಅದೇ ವೇಷ ಕಟ್ಟುತ್ತಾನೆ. ವ್ಯತ್ಯಾಸವಿಷ್ಟೆ: ಇಲ್ಲಿ ಕಲಿಕೆಗೆ ಗಡುವು ಇತ್ತು. ಕೆಲವೇ ವರ್ಷಗಳಲ್ಲಿ ತಂಡಗಳು ಕೆಲಸವನ್ನು ರಾಜ್ಯಗಳಿಗೆ ಒಪ್ಪಿಸಿದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಅದಕ್ಕೆ ಬೇಕಾದ ಅನುಭವಿ ಸಿಬ್ಬಂದಿಯ ಒಂದು ಬೀಜಪಡೆ ಈ ಪ್ರದೇಶಗಳಲ್ಲಿ ಸಿದ್ಧವಾಗಿತ್ತು.

ಇದೇ ಕಾಲದಲ್ಲಿ ಮೈಸೂರಿನಲ್ಲಿ ಕೆಲಸ ಮಾಡಿದ ರಾಕ್‌ಫೆಲರ್ ಪ್ರತಿಷ್ಠಾನದ ವಿಜ್ಞಾನಿ ಸಿ. ಬ್ರೂಕ್ ವರ್ತ್, ಎಸ್. ಆರ್. ಭೊಂಬೊರೆ ಮತ್ತು ಕೆ. ಎಸ್. ನಂಜುಂಡಯ್ಯ ಅವರೊಡನೆ 1952ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಗಮನಾರ್ಹವಾದುದು. ಡಿ.ಡಿ.ಟಿ. ಸಿಂಪಡಣೆಗೆ ಮೊದಲು ಮತ್ತು ಅನಂತರ ಮೈಸೂರಿನ ನೀರಾವರಿ ಪ್ರದೇಶದ ಹಳ್ಳಿಗರ ಆರ್ಥಿಕ ಸ್ಥಿತಿ ಹೇಗಿತ್ತು ಎಂಬುದನ್ನು ಅದು ಪರಿಶೀಲಿಸಿತು. ಮಲೇರಿಯಾ ತಜ್ಞರು ಜ್ವರದ ಎಣಿಕೆಯನ್ನು ದಾಟಿ ಮನೆಯ ಆದಾಯ, ಕೆಲಸದ ದಿನಗಳ ಕಡೆಗೆ ನೋಡತೊಡಗಿದ್ದರ ಕುರುಹು ಅದು. ವಿದೇಶಿ ವಿಜ್ಞಾನಿಯ ಜೊತೆಗೆ ಇಬ್ಬರು ಭಾರತೀಯರ ಹೆಸರು ಅಚ್ಚಾದದ್ದು ಅಂದಿನ ತರಬೇತಿಯು ಯಾವ ಎತ್ತರದವರೆಗೆ ಕೊಂಡೊಯ್ಯಬಹುದಿತ್ತು ಎಂಬುದನ್ನೂ ತೋರಿಸುತ್ತದೆ.

ಗೋಡೆಯ ಮೇಲಿನ ತಾರೀಖು

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗುತ್ತಿದ್ದರು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1960ರ ದಶಕದ ಮಧ್ಯಭಾಗದ ಹೊತ್ತಿಗೆ ಪ್ರಕರಣಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಈ ಇಳಿಕೆಯ ಹಿಂದಿನ ದುಡಿಮೆಯ ಬಹುಭಾಗ ಕೆಳಹಂತದ ಸಿಬ್ಬಂದಿಯದು. 1958ರಲ್ಲಿ ನಿಯಂತ್ರಣ ಕಾರ್ಯಕ್ರಮವು ನಿರ್ಮೂಲನ ಕಾರ್ಯಕ್ರಮವಾಗಿ ಮಾರ್ಪಟ್ಟಾಗ ಪ್ರತಿ 10,000 ಜನಸಂಖ್ಯೆಗೆ ಒಬ್ಬ ಕಣ್ಗಾವಲು ಕಾರ್ಯಕರ್ತ, ಅಂಥ ನಾಲ್ವರಿಗೆ ಒಬ್ಬ ನಿರೀಕ್ಷಕ ಎಂಬ ವ್ಯವಸ್ಥೆ ಬಂದಿತು. ಕಾರ್ಯಕರ್ತನು ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ಜ್ವರ ಬಂದವರುಂಟೇ ಎಂದು ವಿಚಾರಿಸಿ, ರಕ್ತದ ಲೇಪ ತೆಗೆದು, ಮಾತ್ರೆ ಕೊಟ್ಟು, ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆದು ಹೋಗಬೇಕು. ಒಂದೊಂದು ಮನೆಗೂ ಗುಡ್ಡ ಹತ್ತಿ ಹಳ್ಳ ದಾಟಬೇಕಾದ ಕೊಪ್ಪ, ಶೃಂಗೇರಿ ಸೀಮೆಯಲ್ಲಿ 10,000 ಜನ ಎಂಬುದು ಬಯಲುಸೀಮೆಯ 10,000ಕ್ಕೆ ಸಮನಾಗಿರಲಿಲ್ಲ. ಲೆಕ್ಕ ಒಂದೇ ಆಗಿದ್ದರೂ ನಡಿಗೆ ಬೇರೆಯಾಗಿತ್ತು.

ಜನ ಇವರನ್ನು ಅಧಿಕೃತ ಹುದ್ದೆಯ ಹೆಸರಿನಿಂದ ಕರೆಯಲಿಲ್ಲ. ‘ಮಲೇರಿಯಾದವರು’, ‘ಡಿ.ಡಿ.ಟಿ.ಯವರು’ ಎಂಬ ಹೆಸರುಗಳು ಬಳಕೆಗೆ ಬಂದವು. ಕುಲದ ಹೆಸರಿನಿಂದಲೇ ಕಸುಬನ್ನು ಗುರುತಿಸುತ್ತಿದ್ದ ಸಮಾಜದಲ್ಲಿ, ಕಸುಬಿನಿಂದಲೇ ವ್ಯಕ್ತಿಯನ್ನು ಗುರುತಿಸುವ ಈ ಪಲ್ಲಟ ಸಣ್ಣದಲ್ಲ. ದೇವರಕೋಣೆಗೂ ಅಡುಗೆಮನೆಗೂ ಅನ್ಯರು ಕಾಲಿಡದ ಮನೆಗಳಲ್ಲಿ ಸಿಂಪಡಣೆಯವನು ಪಂಪು ಹೊತ್ತು ಬಾಗಿಲಲ್ಲಿ ನಿಂತಾಗ ಮಡಿ ಮೈಲಿಗೆಯ ಪ್ರಶ್ನೆ ಅನಿವಾರ್ಯವಾಗಿ ಏಳುತ್ತಿತ್ತು. ಡಿ.ಡಿ.ಟಿ.ಯಿಂದ ತಿಗಣೆಗಳು ಸತ್ತಾಗ ಜನ ಸಂತೋಷದಿಂದ ಬಾಗಿಲು ತೆರೆದರು. ತಿಗಣೆಗಳು ವಿಷಕ್ಕೆ ಒಗ್ಗಿಕೊಂಡ ಮೇಲೆ ಆ ಉತ್ಸಾಹ ಕುಗ್ಗಿತು. ಬಾಗಿಲಲ್ಲಿ ನಿಂತು ಮನವೊಲಿಸುವ ಮಾತು ಯಾವ ಪಠ್ಯದಲ್ಲೂ ಕಲಿಸದ ವಿದ್ಯೆ. ಅದನ್ನು ಕಾರ್ಯಕರ್ತನು ತನ್ನ ಊರಿನ ಆಡುಮಾತಿನಿಂದಲೇ ಕಟ್ಟಿಕೊಳ್ಳಬೇಕಾಗಿತ್ತು.

ಜ್ವರ ಇಳಿದಂತೆ ಸೀಮೆಯ ಸ್ವರೂಪವೂ ಬದಲಾಯಿತು. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾದ ಭದ್ರಾ ಅಣೆಕಟ್ಟಿನ ಕಾಮಗಾರಿ 1965ರ ವೇಳೆಗೆ ಮುಗಿದಾಗ ನರಸಿಂಹರಾಜಪುರದ ಸುತ್ತಲಿನ ಬಹಳಷ್ಟು ಭೂಮಿ ಹಿನ್ನೀರಿನಲ್ಲಿ ಮುಳುಗಿತು. ಹೊಸ ನೆಲ ಹುಡುಕಿ ಕೇರಳದಿಂದ ಬಂದ ಕುಟುಂಬಗಳು ಈ ತಾಲ್ಲೂಕಿನಲ್ಲಿ ನೆಲೆಸಿದವು. ಒಂದು ಕಾಲಕ್ಕೆ ಜನ ಬಿಟ್ಟುಹೋಗುತ್ತಿದ್ದ ಸೀಮೆಗೆ ಜನ ಬಂದು ನಿಲ್ಲುವಂತಾದುದರ ಹಿಂದೆ ಮಲೇರಿಯಾ ನಿಯಂತ್ರಣದ ಪಾಲು ದೊಡ್ಡದು.

ನಿರ್ಮೂಲನೆಯ ಕನಸು ಪೂರ್ತಿ ಕೈಗೂಡಲಿಲ್ಲ. 1976ರಲ್ಲಿ ದೇಶದಲ್ಲಿ 64 ಲಕ್ಷ ಪ್ರಕರಣಗಳು ದಾಖಲಾದವು. ಅಷ್ಟರಲ್ಲಿ ಕರ್ತಾರ್ ಸಿಂಗ್ ಸಮಿತಿಯ 1973ರ ಶಿಫಾರಸಿನಂತೆ ಮಲೇರಿಯಾ, ಸಿಡುಬು, ಕುಟುಂಬ ಯೋಜನೆಗಳ ಬೇರೆಬೇರೆ ಕಾರ್ಯಕರ್ತರನ್ನು ಒಂದುಗೂಡಿಸಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತ ಎಂಬ ಹುದ್ದೆಯನ್ನು ರೂಪಿಸಲಾಗಿತ್ತು. ಒಂದು ರೋಗಕ್ಕಾಗಿ ತರಬೇತಾದವನು ಹೀಗೆ ಇಡೀ ಊರಿನ ಆರೋಗ್ಯದ ನೌಕರನಾದನು. ಶಾಲಾ ಶಿಕ್ಷಣ ಇದ್ದವನಿಗೆ ಇದು ಸೇವಾಭದ್ರತೆ, ಬಡ್ತಿ, ನಿವೃತ್ತಿವೇತನಗಳ ದಾರಿ. ಆದರೆ ಸಿಂಪಡಣೆಯ ಆಳು ಋತುಮಾನದ ಕೆಲಸಗಾರ. ಸಿಂಪಡಣೆಯ ತಿಂಗಳು ಮುಗಿದಾಗ ಅವನು ಮತ್ತೆ ಗದ್ದೆಗೆ, ತೋಟಕ್ಕೆ ಮರಳುತ್ತಿದ್ದನು.

ಮೂರನೆಯ ಹಂತ: ಮಂಗ ಸತ್ತ ಕಾಡು

1957ರ ಆರಂಭದ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹತ್ತಿರದ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ಮಲಗಿದರು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಅಲ್ಲಿಗೆ ಧಾವಿಸಿತು. ಹಳದಿಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬುದು ಮೊದಲ ಭೀತಿ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಹೋದ್ಯೋಗಿಗಳ ಶೋಧದಿಂದ ಇದು ಉಣುಗಿನಿಂದ ಹರಡುವ, ರಷ್ಯಾದ ಮೆದುಳುಜ್ವರದ ವೈರಸ್ಸಿಗೆ ಸಂಬಂಧಿಸಿದ ಹೊಸ ರೋಗವೆಂದು ತಿಳಿದುಬಂತು. ವಿಜ್ಞಾನಿಗಳು ಅದನ್ನು ಕ್ಯಾಸನೂರು ಕಾಡಿನ ರೋಗ ಎಂದರು. ಜನ ಮಂಗನ ಕಾಯಿಲೆ ಎಂದರು. ಮಂಗ ಸತ್ತ ಜಾಗಕ್ಕೆ ಕಾಯಿಲೆ ಬರುತ್ತದೆ ಎಂಬ ಸೂಚನೆಯನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿರುವ ಜನಪದ ನಾಮಕರಣವು ವೈಜ್ಞಾನಿಕ ಹೆಸರಿಗಿಂತ ಹೆಚ್ಚು ಉಪಯುಕ್ತವಾದ ಎಚ್ಚರಿಕೆಯನ್ನು ಕೊಡುತ್ತದೆ.

ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆಯಿತು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಅದಕ್ಕೆ ಹತ್ತಿಕೊಂಡ ಉಣುಗುಗಳನ್ನು ಎಣಿಸುವುದು, ಇಲಿ ಹೆಗ್ಗಣಗಳನ್ನು ಹಿಡಿಯುವುದು, ಸತ್ತ ಮಂಗವನ್ನು ಹುಡುಕುವುದು ಅಲ್ಲಿನ ದೈನಂದಿನ ಕೆಲಸ. ಇದಕ್ಕೆ ಕಾಡಿನ ಕಾಲುದಾರಿಗಳನ್ನೂ, ಯಾವ ಮರದಲ್ಲಿ ಮಂಗನ ಹಿಂಡು ರಾತ್ರಿ ತಂಗುತ್ತದೆ ಎಂಬುದನ್ನೂ ಬಲ್ಲವರು ಬೇಕು. ಸೌದೆ, ದರಗು, ಜೇನು ತರಲು ಕಾಡಿಗೆ ಹೋಗುವವರಲ್ಲಿ ತಲೆಮಾರುಗಳಿಂದ ಇದ್ದ ತಿಳಿವು ಇದು. ಕಾಡಂಚಿನಲ್ಲಿ ಹೊಸದಾಗಿ ಬತ್ತದ ಸಾಗುವಳಿ ಹಬ್ಬಿ, ದನಗಳ ಮೇವು ಕಾಡಿನೊಳಗೆ ಸರಿದಾಗ ಉಣುಗುಗಳ ಸಂಖ್ಯೆ ಏರಿತು ಎಂಬ ಪರಿಸರ ವಿಶ್ಲೇಷಣೆಯನ್ನು ಕೊಲಂಬಿಯಾ ಮೂಲದ ವಿಜ್ಞಾನಿ ಜಾರ್ಜ್ ಬೋಶೆಲ್ 1969ರಲ್ಲಿ ಮಂಡಿಸಿದರು. ಇಂಥ ವಿಶ್ಲೇಷಣೆಗೆ ಬೇಕಾದ ಮಾಹಿತಿ ಹರಿದುಬಂದದ್ದು ಕಾಡಿನಲ್ಲಿ ದಿನವೂ ನಡೆದವರ ಕೈಯಿಂದ.

ಈ ಹಂತದಲ್ಲಿ ಬದಲಾದ ವೃತ್ತಿಪಥಗಳಿಗೆ ಎರಡು ಉದಾಹರಣೆಗಳು ಸಾಕು. ಉತ್ತರ ಕನ್ನಡ ಮತ್ತು ಧಾರವಾಡದಲ್ಲಿ ಮಲೇರಿಯಾ ಸೊಳ್ಳೆಗಳ ಅಧ್ಯಯನ ಮಾಡಿದ್ದ ಟಿ. ರಾಮಚಂದ್ರ ರಾವ್ ಅವರು ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಮಂಗನ ಕಾಯಿಲೆಯ ಕ್ಷೇತ್ರಕಾರ್ಯದಲ್ಲಿ ಯುವ ವಿಜ್ಞಾನಿಯಾಗಿ ದುಡಿದ ಪಿ. ಕೆ. ರಾಜಗೋಪಾಲನ್ ಅವರು ಅನಂತರ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಹೆಸರಾದರು. 1990ರಲ್ಲಿ ಪದ್ಮಶ್ರೀ ಪಡೆದರು. ಪುಣೆಯ ಕೇಂದ್ರವೇ 1978ರಲ್ಲಿ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ಕನ್ನಡನಾಡಿನ ಕಾಡು ಮತ್ತು ಕೊಟ್ಟಿಗೆಗಳು ಹೀಗೆ ದೇಶದ ಒಂದು ತಲೆಮಾರಿನ ಕೀಟವಿಜ್ಞಾನಿಗಳಿಗೆ ಪಾಠಶಾಲೆಯಾದವು.

ಏಣಿ ಮತ್ತು ಕೂಲಿ

ಮೂರು ಹಂತಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿನ್ಯಾಸ ಸ್ಪಷ್ಟವಾಗುತ್ತದೆ. ಪದವಿಯಿದ್ದ ವೈದ್ಯ ಅಥವಾ ಪ್ರಾಣಿಶಾಸ್ತ್ರಜ್ಞನಿಗೆ ಅಂತಾರಾಷ್ಟ್ರೀಯ ತರಬೇತಿಯು ದೇಶದ ಹೊರಗೂ ಸಾಗುವ ದಾರಿಯಾಯಿತು. ಶಾಲಾ ಶಿಕ್ಷಣವಿದ್ದ ಯುವಕನಿಗೆ ಅದು ಸರ್ಕಾರಿ ಹುದ್ದೆಯ ಬಾಗಿಲಾಯಿತು. ತೋಟದ ದುಡಿಮೆ ಬಿಟ್ಟರೆ ಬೇರೆ ಆಸರೆಯಿಲ್ಲದ ಮನೆಗಳಿಗೆ ಇದು ನಿಜವಾದ ಬಿಡುಗಡೆ. ಅಕ್ಷರವಿಲ್ಲದ, ಆದರೆ ಕಾಡು ಮತ್ತು ನೀರನ್ನು ಬಲ್ಲವನಿಗೆ ಅದೇ ತರಬೇತಿ ಕೆಲವು ತಿಂಗಳ ಕೂಲಿಯನ್ನು ಕೊಟ್ಟಿತು. ಕಲಿತದ್ದು ಎಷ್ಟು ಎಂಬುದಕ್ಕಿಂತ, ಕಲಿಯುವ ಮುನ್ನ ಕೈಯಲ್ಲಿ ಯಾವ ಪ್ರಮಾಣಪತ್ರವಿತ್ತು ಎಂಬುದೇ ಮುಂದಿನ ದಾರಿಯನ್ನು ನಿರ್ಣಯಿಸಿತು.

ಸೂಲಗಿತ್ತಿಯರ ಇತಿಹಾಸ ಈ ಮಾತನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಯುನಿಸೆಫ್ ಒದಗಿಸಿದ ಹೆರಿಗೆ ಪೆಟ್ಟಿಗೆಯೊಂದಿಗೆ ಸೂಲಗಿತ್ತಿಯರಿಗೆ ಶುಚಿತ್ವದ ತರಬೇತಿ ನೀಡುವ ಕ್ರಮ ಯೋಜನಾ ಕಾಲದಲ್ಲಿ ಬಂದಿತು. ಅವರು ‘ತರಬೇತಿ ಪಡೆದ ದಾಯಿ’ ಎನಿಸಿಕೊಂಡರು. ಆದರೆ ದಾಯಿಯಿಂದ ದಾದಿಯಾಗುವ ಮೆಟ್ಟಿಲು ಇರಲಿಲ್ಲ. 2005ರ ನಂತರ ಆಸ್ಪತ್ರೆ ಹೆರಿಗೆಗೆ ಒತ್ತು ಬಂದಾಗ ಬಾಣಂತಿಯರ ಸಾವು ತಗ್ಗಿಸಲು ಅದು ಅಗತ್ಯವಾಗಿದ್ದರೂ, ಸೂಲಗಿತ್ತಿಯ ಅನುಭವಕ್ಕೆ ಆ ವ್ಯವಸ್ಥೆಯಲ್ಲಿ ಸ್ಥಾನ ಸಿಗಲಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತದ್ದು ವ್ಯಕ್ತಿಗೆ ಸಂದ ಗೌರವ. ವೃತ್ತಿಯು ಅಷ್ಟರಲ್ಲಿ ಬಹುತೇಕ ಮರೆಯಾಗಿತ್ತು.

ಈ ಪ್ರಶ್ನೆ ಕೇವಲ ಗತಕಾಲದ್ದಲ್ಲ. ಮಂಗನ ಕಾಯಿಲೆ ಶಿವಮೊಗ್ಗ ಜಿಲ್ಲೆಯ ಗಡಿ ದಾಟಿ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಿಗೂ ಬಂದಿದೆ. 2024ರ ಫೆಬ್ರವರಿಯಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು ಈ ರೋಗದಿಂದ ತೀರಿಕೊಂಡರು. ಬಹುಕಾಲ ಬಳಸುತ್ತಿದ್ದ ಲಸಿಕೆಯು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಹೀಗಿರುವಾಗ ಮುಂಜಾಗ್ರತೆಯ ಭಾರವೆಲ್ಲ ಬೀಳುವುದು ಮನೆಮನೆಗೆ ಹೋಗಿ ಉಣುಗು ನಿವಾರಕ ತೈಲ ಹಂಚುವ, ಕಾಡಿಗೆ ಹೋಗುವವರಿಗೆ ತಿಳಿಹೇಳುವ, ಮಂಗ ಸತ್ತ ಸುದ್ದಿಯನ್ನು ಮುಟ್ಟಿಸುವ ಆಶಾ ಕಾರ್ಯಕರ್ತೆಯರ ಮೇಲೆ. 2005ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಅವರು ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುವ ಸ್ವಯಂಸೇವಕಿಯರು. ಗೋಡೆಯ ಮೇಲೆ ತಾರೀಖು ಬರೆದ ಕಾರ್ಯಕರ್ತನ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಅವನಿಗೆ ದೊರೆತ ಸೇವಾಭದ್ರತೆ ಅವರಿಗೆ ದೊರೆತಿಲ್ಲ. ಅರ್ಧ ಶತಮಾನದ ಹಿಂದೆ ಒಂದು ಮೆಟ್ಟಿಲು ಮೇಲಕ್ಕೆ ತೆರೆದಿದ್ದ ಏಣಿ ಇಂದು ಅದೇ ಜಾಗದಲ್ಲಿ ಮೊಟಕಾಗಿದೆ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮಲೆನಾಡಿನ ಮಲೇರಿಯಾ ನಿಯಂತ್ರಣವು ಹೊರಗಿನ ನೆರವಿನಿಂದ ಆರಂಭವಾದರೂ, ಕಲಿಸಿ ಹಿಂದೆ ಸರಿಯುವ ತತ್ತ್ವದಿಂದಾಗಿ ಅದು ಇಲ್ಲಿನವರ ಕೆಲಸವಾಗಿ ಬೇರೂರಿತು. ಆ ಕಲಿಕೆಯು ಕುಲಕಸುಬಿನ ಚೌಕಟ್ಟನ್ನು ಮೀರಿದ ಹೊಸ ವೃತ್ತಿಗಳನ್ನು ಹಳ್ಳಿಗೆ ತಂದಿತು. ಆದರೆ ಸ್ಥಳೀಯರ ಪರಂಪರಾಗತ ತಿಳಿವನ್ನು ಬಳಸಿಕೊಂಡ ಮಟ್ಟಿಗೆ ಅದನ್ನು ಅರ್ಹತೆಯೆಂದು ಪರಿಗಣಿಸಲಿಲ್ಲ. ಈ ಕೊರತೆ ವಿದೇಶಿ ಸಂಸ್ಥೆಗಳದ್ದಷ್ಟೇ ಅಲ್ಲ, ಅವರಿಂದ ಕೆಲಸ ವಹಿಸಿಕೊಂಡ ನಮ್ಮ ಇಲಾಖೆಗಳ ನೇಮಕಾತಿ ನಿಯಮಗಳದ್ದೂ ಹೌದು.

ಸಂಶೋಧಕರ ಮುಂದಿರುವ ಕೆಲಸ ತುರ್ತಿನದು. 1950 ಮತ್ತು 1960ರ ದಶಕಗಳಲ್ಲಿ ಪಂಪು ಹೊತ್ತವರು, ಉಣುಗು ಎಣಿಸಿದವರು ಇಂದು ಇದ್ದರೆ ಇಳಿವಯಸ್ಸಿನವರು. ವೈಜ್ಞಾನಿಕ ಪ್ರಬಂಧಗಳಲ್ಲಿ ಲೇಖಕರ ಹೆಸರು ಉಳಿಯುತ್ತದೆ. ಕಾಡಿನಲ್ಲಿ ದಾರಿ ತೋರಿದವರ ಹೆಸರಿಗೆ ಅಲ್ಲಿ ಜಾಗವಿಲ್ಲ. ಅವರ ನೆನಪು, ಅವರು ಬಳಸಿದ ಪದಗಳು, ಬಾಗಿಲಲ್ಲಿ ಆಡಿದ ಮಾತುಗಳು, ಊರವರು ಅವರನ್ನು ಕುರಿತು ಕಟ್ಟಿದ ನಗೆಮಾತುಗಳು ಮೌಖಿಕ ಆಕರಗಳಾಗಿ ದಾಖಲಾಗಬೇಕು. ತಾಲ್ಲೂಕು ಮಟ್ಟದ ಆರೋಗ್ಯ ಕಚೇರಿಗಳ ಹಳೆಯ ಹಾಜರಿ ಪುಸ್ತಕ, ಸಿಂಪಡಣೆಯ ದಿನಚರಿ, ಕೂಲಿ ಪಟ್ಟಿಗಳನ್ನು ಹಳೆಯ ಕಾಗದವೆಂದು ವಿಲೇವಾರಿ ಮಾಡುವ ಮುನ್ನ ಜಿಲ್ಲಾ ಪತ್ರಾಗಾರಕ್ಕೆ ಸೇರಿಸುವ ವ್ಯವಸ್ಥೆ ಆಗಬೇಕು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗಳಂಥ ಸಣ್ಣ ತಾಲ್ಲೂಕುಗಳಿಂದ ಈ ಕಾರ್ಯವನ್ನು ಆರಂಭಿಸುವುದು ಸೂಕ್ತ. ಜ್ವರ ಬಿಟ್ಟ ಸೀಮೆಯ ಇತಿಹಾಸವನ್ನು ಬರೆಯುವಾಗ, ಜ್ವರ ಬಿಡಿಸಲು ಗುಡ್ಡ ಹತ್ತಿದವರ ಹೆಜ್ಜೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ನ್ಯಾಯ.